ಸೆಲ್ಫ್ ಡ್ರೈವಿಂಗ್ ಗಾಡಿ ಕಂಪನಿಲಿ ದೊಡ್ಡ ಪೋಸ್ಟಿಗೆ ಅಪ್ಲೈ ಮಾಡೋರು ಪದೇ ಪದೇ ಕೇಳೋ ಪ್ರಶ್ನೆಗಳು

ವಾರಕ್ಕೆ ಇಬ್ರಾದ್ರೂ ಫೋನ್ ಮಾಡ್ತಾರೆ, ಎಲ್ಲಾ ನಮ್ ಮಂಡ್ಯ ಮೈಸೂರು ಕಡೆಯವ್ರೇ, "ಅಕ್ಕಾ ಐದೇ ನಿಮಿಷ" ಅಂತ ಶುರು ಮಾಡಿ ಮುಗಿಯೋಷ್ಟ್ರಲ್ಲಿ ಒಲೆ ಮೇಲಿರೋ ಸಾರು ಸೀದು ಹೋಗಿರುತ್ತೆ. ಅದೇ ಪ್ರಶ್ನೆ, ಅದೇ ಉತ್ರ. ಅದಕ್ಕೆ ಒಂದ್ಸಲ ಕೂತು ಎಲ್ಲಾ ಬರ್ದಿಟ್ಬಿಡೋಣ ಅಂತ. ಹತ್ತು ಹದಿನೈದು ವರ್ಷ ಸರ್ವೀಸ್ ಆಗಿ ಡೈರೆಕ್ಟರ್, ಹೆಡ್ ಆಫ್ ಎಂಜಿನಿಯರಿಂಗ್ ಥರ ಪೋಸ್ಟಿಗೆ ಹೋಗೋರಿಗೆ ಇದು. ಫ್ರೆಶರ್‌ಗಳು ಓದ್ಬೋದು, ಆದ್ರೆ ಉಪಯೋಗ ಕಮ್ಮಿ.

ಈ ಪೋಸ್ಟಲ್ಲಿ ನಿಜವಾಗ್ಲೂ ಮಾಡೋ ಕೆಲ್ಸ ಏನು?

ಟೈಟಲ್ ಒಂದೊಂದು ಕಂಪನಿಲಿ ಒಂದೊಂದು ಥರ ಇರುತ್ತೆ, ಅದನ್ನ ನೋಡಿ ಮರುಳಾಗ್ಬೇಡಿ. ನಿಮ್ ಕೆಳಗೆ ಪರ್ಸೆಪ್ಷನ್ ಟೀಮು (ಕ್ಯಾಮೆರಾ, ಲೇಸರ್ ಬೆಳಕಲ್ಲಿ ದೂರ ಅಳೆಯೋ ಲೈಡಾರ್, ರಾಡಾರ್ ನೋಡಿ ಎದುರಿಗೆ ಏನಿದೆ ಅಂತ ಹೇಳೋರು), ಪ್ರಿಡಿಕ್ಷನ್ ಟೀಮು (ಆ ಸ್ಕೂಟರ್‌ನವ್ನು ಮುಂದೆ ಯಾವ ಕಡೆ ತಿರುಗ್ತಾನೆ ಅಂತ ಅಂದಾಜು ಹಾಕೋರು), ಪ್ಲಾನಿಂಗ್, ಕಂಟ್ರೋಲ್, ಮ್ಯಾಪ್, ಸಿಮ್ಯುಲೇಷನ್, ಟೆಸ್ಟ್ ಡ್ರೈವರ್‌ಗಳು, ಇವ್ರೆಲ್ಲಾ ಇರ್ತಾರೆ. ಇಷ್ಟು ಜನದ ಮಧ್ಯೆ ನೀವು ಕೋಡ್ ಬರೆಯೋದು ನಿಂತೇ ಹೋಗುತ್ತೆ. ದಿನಾ ಮೀಟಿಂಗು, ಬಜೆಟ್ಟು, ಯಾರ್ನೋ ಸಮಾಧಾನ ಮಾಡೋದು, ಇನ್ಯಾರ್ನೋ ಬಿಟ್ಟು ಹೋಗದ ಹಾಗೆ ಹಿಡ್ಕೊಳೋದು. ಇದೆಲ್ಲಾ ಯಾವ ಸಾಫ್ಟ್‌ವೇರ್ ಕಂಪನಿಲಾದ್ರೂ ಇದ್ದಿದ್ದೇ. ಇಲ್ಲಿ ಜಾಸ್ತಿ ಇರೋದು ಒಂದೇ ಸಹಿ: ಈ ವಾರದ ಸಾಫ್ಟ್‌ವೇರ್‌ನ ರೋಡಿಗೆ ಬಿಡಬೋದಾ ಬೇಡ್ವಾ ಅನ್ನೋ ಕಾಗದದ ಮೇಲೆ. ಸಂಬಳ ಕೊಡೋದು ಅದಕ್ಕೇ.

ಇಂಡಿಯಾಗೆ ಡ್ರೈವರ್ ಇಲ್ದಿರೋ ಕಾರು ಬಿಡಲ್ಲ ಅಂತ ಮಿನಿಸ್ಟರೇ ಹೇಳಿದಾರಲ್ಲ, ಮತ್ತೆ ಕೆಲ್ಸ ಎಲ್ಲಿಂದ ಬರುತ್ತೆ?

ಹೌದು, ನಿತಿನ್ ಗಡ್ಕರಿ 2023ರ ಡಿಸೆಂಬರಲ್ಲೂ ಹೇಳಿದ್ರು, ಡ್ರೈವರ್‌ಗಳ ಕೆಲ್ಸ ಹೋಗುತ್ತೆ ಅದಕ್ಕೆ ಬಿಡಲ್ಲ ಅಂತ. ಆದ್ರೆ ಗಾಡಿ ಓಡೋ ಜಾಗವೇ ಬೇರೆ, ಗಾಡಿಯ ಮಿದುಳು ಬರೆಯೋ ಜಾಗವೇ ಬೇರೆ. ಬಾಷ್, ಮರ್ಸಿಡಿಸ್ ಬೆಂಜ್ ಥರದೋರ ದೊಡ್ಡ ಎಂಜಿನಿಯರಿಂಗ್ ಸೆಂಟರ್‌ಗಳು ಬೆಂಗ್ಳೂರಲ್ಲೇ ಇವೆ, ಅಲ್ಲಿ ಕೂತು ಜರ್ಮನಿ ರೋಡಿಗೆ ಕೆಲ್ಸ ಮಾಡೋರು ರಾಶಿ ಜನ. ಇನ್ನೊಂದು, ಫ್ಯಾಕ್ಟರಿ ಒಳಗೆ ಓಡೋ ಗಾಡಿಗಳು. ಬೆಂಗ್ಳೂರಿನ ಅಟಿ ಮೋಟರ್ಸ್ ಸಾಮಾನು ಎಳೆಯೋ ಡ್ರೈವರ್‌ಲೆಸ್ ಗಾಡಿ ಮಾಡುತ್ತೆ, ಅದಕ್ಕೆ ಮಿನಿಸ್ಟರ್ ಪರ್ಮಿಷನ್ನೇನೂ ಬೇಡ. ಗಣಿ, ಬಂದರು, ಗೋಡೌನು ಎಲ್ಲಾ ಇದೇ ಸಾಲಿಗೆ ಬರುತ್ತೆ. ರೋಬೋಟ್ಯಾಕ್ಸಿ ಫೋಟೋ ನೋಡಿ ಅದೊಂದೇ ಕೆಲ್ಸ ಅನ್ಕೊಂಡಿರೋರು ಈ ಕಡೆ ತಿರುಗಿ ನೋಡೋದೇ ಇಲ್ಲ, ಅದು ನಂಗೆ ಸೋಜಿಗ.

ನಾನಿರೋದು ಡ್ರೈವರಿಗೆ ಸಹಾಯ ಮಾಡೋ ಸಿಸ್ಟಂ, ಅಂದ್ರೆ ಅಡಾಸ್‌ನಲ್ಲಿ, ಲೆವೆಲ್ 2. ಲೆವೆಲ್ 4 ಕಂಪನಿ ನನ್ನ ಮೂಸಿ ನೋಡುತ್ತಾ?

ನೋಡುತ್ತೆ, ಆದ್ರೆ ವ್ಯತ್ಯಾಸ ಏನು ಅಂತ ನಿಮ್ ಬಾಯಿಂದಲೇ ಬರ್ಬೇಕು. ಎಸ್‌ಎಇ (ಆಟೋ ಎಂಜಿನಿಯರುಗಳ ಸಂಘ) ಅವ್ರು 2014ರಲ್ಲಿ ಮೊದಲು ತಂದ ಪಟ್ಟಿ, ಗಾಡಿ ಎಷ್ಟರ ಮಟ್ಟಿಗೆ ತಾನೇ ಓಡುತ್ತೆ ಅಂತ, 0ಯಿಂದ 5ರ ತನಕ. ಲೆವೆಲ್ 2ರಲ್ಲಿ ಸ್ಟೀರಿಂಗು ಬ್ರೇಕು ಎರಡೂ ಗಾಡಿನೇ ನೋಡ್ಕೊಂಡ್ರೂ ಜವಾಬ್ದಾರಿ ಡ್ರೈವರ್‌ದು. ಲೆವೆಲ್ 3ರಲ್ಲಿ ಗಾಡಿ ಕರೆದಾಗ ಡ್ರೈವರ್ ಕೈ ಹಾಕ್ಬೇಕು. ಲೆವೆಲ್ 4ರಲ್ಲಿ ಒಂದು ಗೆರೆ ಎಳ್ದಿರ್ತಾರೆ, ಇಂಥ ರೋಡು, ಇಂಥ ಹವಾಮಾನ, ಇಷ್ಟು ಸ್ಪೀಡು ಅಂತ, ಅದನ್ನ ಒಡಿಡಿ ಅಂತಾರೆ, ಆ ಗೆರೆ ಒಳಗೆ ಮನುಷ್ಯನ ಸಹಾಯ ಕೇಳೋ ಹಾಗಿಲ್ಲ, ಏನೇ ಆದ್ರೂ ಗಾಡಿನೇ ಸೇಫಾಗಿ ನಿಂತ್ಕೊಬೇಕು. ಅಡಾಸ್‌ನೋರು ಹೋಗಿ ಎಡವೋದು ಇಲ್ಲೇ. "ಆಗ ಡ್ರೈವರ್ ನೋಡ್ಕೊತಾನೆ" ಅನ್ನೋ ಮಾತು ನಮ್ಗೆ ಅಭ್ಯಾಸ ಆಗ್ಬಿಟ್ಟಿರುತ್ತೆ. ಒಂದು ಇಂಟರ್‌ವ್ಯೂಲಿ ನಾನೇ ಅಂದ್ಬಿಟ್ಟೆ, ಆ ಕಡೆಯೋರು ತಣ್ಣಗೆ "ಯಾವ ಡ್ರೈವರು?" ಅಂದ್ರು.

ನಿಮ್ಮತ್ರ ಇರೋ ದೊಡ್ಡ ಆಸ್ತಿ ಅಂದ್ರೆ ಪ್ರೊಡಕ್ಷನ್ ಅನುಭವ. ಲಕ್ಷಾಂತರ ಗಾಡಿಗೆ ಹೋಗೋ ಬ್ರೇಕ್ ಫೀಚರ್‌ನ ಐಎಸ್‌ಒ 26262 (ಗಾಡಿಯ ಎಲೆಕ್ಟ್ರಾನಿಕ್ಸ್ ಕೆಟ್ರೂ ಅಪಾಯ ಆಗ್ಬಾರ್ದು ಅನ್ನೋ ಸ್ಟ್ಯಾಂಡರ್ಡ್) ಪ್ರಕಾರ ದಾಟಿಸಿದೀರಿ, ಎಸಿಲ್ ಡಿ, ಅದರಲ್ಲಿರೋ ಅತೀ ಕಟ್ಟುನಿಟ್ಟಿನ ಹಂತ, ಅಂದ್ರೆ ಏನು ಅಂತ ಮೈಮೇಲೆ ಅನುಭವಿಸಿದೀರಿ, ಸ್ಟಾರ್ಟಪ್‌ಲಿ ಇರೋ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ. ಅದರ ಜೊತೆ ಐಎಸ್‌ಒ 21448 ಓದ್ಕೊಳಿ, ಸೋಟಿಫ್ ಅಂತಾರೆ. ಯಾವ ಪಾರ್ಟೂ ಕೆಟ್ಟಿಲ್ಲ, ಎಲ್ಲಾ ಡಿಸೈನ್ ಮಾಡ್ದಂಗೇ ಕೆಲ್ಸ ಮಾಡ್ತಿದೆ, ಆದ್ರೂ ಅಪಾಯ, ಅಂಥದ್ದಕ್ಕೆ ಇರೋದು ಅದು. ಡ್ರೈವರ್ ಇಲ್ದಿರೋ ಗಾಡಿಯ ಸೇಫ್ಟಿಗೆ ಇರೋ ಸ್ಟ್ಯಾಂಡರ್ಡ್ ಯುಎಲ್ 4600 ಕೂಡ ಒಂದ್ಸಲ ತಿರುವಿ ಹಾಕಿ.

ನಾನು ಓದಿದ್ದು ಪಿಇಎಸ್ ಮಂಡ್ಯ, ಐಐಟಿ ಅಲ್ಲ, ಪಿಎಚ್‌ಡಿನೂ ಇಲ್ಲ. ನಡೆಯುತ್ತಾ?

ನಡೆಯುತ್ತೆ. ರಿಸರ್ಚ್ ಹೆಡ್ ಪೋಸ್ಟಾದ್ರೆ ಪಿಎಚ್‌ಡಿ ಕೇಳ್ತಾರೆ, ಎಂಜಿನಿಯರಿಂಗ್ ಹೆಡ್ಡಿಗೆ ಕಾಲೇಜ್ ಹೆಸ್ರು ಕೇಳಿದ್ದು ನನ್ನ ಅನುಭವದಲ್ಲಿ ಒಂದೇ ಸಲ, ಅದೂ ಬೆಂಗ್ಳೂರಿನವ್ರು.

ರೆಸ್ಯೂಮೆಲಿ ಏನು ಹಾಕ್ಬೇಕು?

ಎರಡು ಪೇಜು ಸಾಕು. ಹುಡುಗ್ರು ಕಳ್ಸೋದು ನೋಡಿದ್ರೆ ಬರೀ ಟೂಲ್‌ಗಳ ಹೆಸ್ರು, ರಾಸ್, ಪೈಟಾರ್ಚ್, ಕುಡಾ, ಮ್ಯಾಟ್‌ಲ್ಯಾಬ್, ದಿನಸಿ ಚೀಟಿ ಇದ್ದಂಗೆ. ನಲವತ್ತು ವರ್ಷದ ಮನುಷ್ಯ ಡೈರೆಕ್ಟರ್ ಪೋಸ್ಟಿಗೆ ಬರ್ತಾ ಪೈಥಾನ್ ಬರುತ್ತೆ ಅಂತ ಹಾಕಿದ್ರೆ ಓದೋರಿಗೆ ಪಾಪ ಅನ್ಸುತ್ತೆ. ಎಷ್ಟು ಜನರ ಟೀಮು, ಯಾವ ಗಾಡಿ ರೋಡಿಗೆ ಬಂತು, ಯಾವ್ದು ತಡ ಆಯ್ತು ಯಾಕೆ, ಇದನ್ನ ಬರೀರಿ.

ಆಮೇಲೆ ಒಂದು ಸಾಲು ಕಡ್ಡಾಯವಾಗಿ ಇರ್ಲಿ: ನೀವು ನಿಲ್ಸಿದ್ದು ಏನು. ಬಿಟ್ಟಿದ್ದು, ಮಾಡಿದ್ದು ಎಲ್ರೂ ಬರೀತಾರೆ. ನಿಲ್ಸಿದ್ದು ಯಾರೂ ಬರೆಯಲ್ಲ.

ನಂದು ಹೇಳ್ತೀನಿ. ಹಳೇ ಕಂಪನಿಲಿ ಆಟೋಮ್ಯಾಟಿಕ್ ಬ್ರೇಕಿಂಗ್ ಟೆಸ್ಟ್‌ಗೆ ಮದ್ದೂರು ಕಡೆ ರಾತ್ರಿ ಗಾಡಿ ಓಡಿಸ್ತಿದ್ವಿ, ಕಬ್ಬು ಅರೆಯೋ ಸೀಸನ್ನು. ಮುಂದೆ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರೈಲರು, ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ನಿಮ್ಗೆ ಗೊತ್ತಲ್ಲ. ಸ್ಕ್ರೀನ್ ಮೇಲೆ, ಗಾಡಿ ಗುರುತಿಸಿದ್ದರ ಸುತ್ತ ಹಾಕೋ ಹಸಿರು ಬಾಕ್ಸು ಟ್ರೈಲರ್ ಸುತ್ತ ಸರಿಯಾಗಿ ಕೂತಿತ್ತು, ಎಲ್ರಿಗೂ ಖುಷಿ. ನಾನು ಗಾಜಿನ ಆಚೆ ನೋಡ್ತೀನಿ, ಜಲ್ಲೆಗಳು ಟ್ರೈಲರಿಂದ ಒಂದು ಮಾರು ಹಿಂದಕ್ಕೆ ಚಾಚ್ಕೊಂಡಿವೆ, ಬಾಕ್ಸಿಂದ ಆಚೆಗೆ. ಅಂದ್ರೆ ಗಾಡಿ ಲೆಕ್ಕದಲ್ಲಿ ಇನ್ನೂ ದೂರ ಇದೆ, ನಿಜದಲ್ಲಿ ಜಲ್ಲೆ ತುದಿ ನಮ್ ಗಾಜಿನ ಮುಂದೆ. ವಾಪಸ್ ಹೋಗಿ ನೋಡಿದ್ರೆ ಫೋಟೋಗೆ ಲೇಬಲ್ ಹಾಕೋರಿಗೆ ಕೊಟ್ಟಿದ್ದ ಸೂಚನೆಲೇ "ವಾಹನದ ಬಾಡಿಗೆ ಮಾತ್ರ ಬಾಕ್ಸ್ ಹಾಕಿ" ಅಂತ ಇತ್ತು. ಅವ್ರು ಹೇಳಿದ್ದನ್ನೇ ಮಾಡಿದ್ರು, ಮಾಡೆಲ್ಲೂ ಕಲಿಸಿದ್ದನ್ನೇ ಕಲೀತು. ರಿಲೀಸ್ ನಿಲ್ಸಿದೆ. ಮೂರು ವಾರ ಲೇಟು, ಕಸ್ಟಮರ್ ಕೂಗಾಡಿದ್ರು, ನಮ್ ಬಾಸ್ ಎರಡು ತಿಂಗ್ಳು ನನ್ ಜೊತೆ ಕಾಫಿಗೆ ಬರ್ಲಿಲ್ಲ. ಆ ಕಥೆನ ನಾನು ಮೊದಲ ರೆಸ್ಯೂಮೆಲಿ ಹಾಕಿರ್ಲೇ ಇಲ್ಲ, ಅದೊಂದು ಸೋಲು ಅನ್ಕೊಂಡಿದ್ದೆ ನೋಡಿ.

ಇಂಟರ್‌ವ್ಯೂ ಎಷ್ಟು ರೌಂಡು? ಏನು ಕೇಳ್ತಾರೆ?

ನಂಗೆ ಒಂದು ಕಡೆ ಏಳು, ಇನ್ನೊಂದ್ ಕಡೆ ಒಂಬತ್ತು, ಎರಡೂವರೆ ತಿಂಗ್ಳು ಎಳೆದ್ರು. ಮೊದಲು ರಿಕ್ರೂಟರ್ ಅರ್ಧ ಗಂಟೆ, ಆಮೇಲೆ ನಿಮ್ ಬಾಸ್ ಆಗೋರು, ಆಮೇಲೆ ಟೆಕ್ನಿಕಲ್ ಆಳ ನೋಡೋರು ಇಬ್ರು, ಸಿಸ್ಟಂ ಡಿಸೈನ್, ಜನರನ್ನ ಹೇಗೆ ನೋಡ್ಕೊತೀರಿ ಅನ್ನೋ ರೌಂಡು, ಸೇಫ್ಟಿಯೋರು, ಪ್ರಾಡಕ್ಟ್‌ನೋರು, ಕೊನೇಲಿ ಒಂದು ಪ್ರೆಸೆಂಟೇಷನ್. ಕ್ಯಾಲಿಫೋರ್ನಿಯಾ ಕಂಪನಿ ಆದ್ರೆ ಚಳಿಗಾಲದಲ್ಲಿ ಅವ್ರ ಬೆಳಗ್ಗೆ ಒಂಬತ್ತು ನಮ್ ರಾತ್ರಿ ಹತ್ತೂವರೆ, ಕುವೆಂಪುನಗರದಲ್ಲಿ ಅಷ್ಟೊತ್ತಿಗೆ ನಾಯಿಗಳ ಮೀಟಿಂಗ್ ಶುರುವಾಗಿರುತ್ತೆ, ಹೆಡ್‌ಫೋನ್ ಒಳ್ಳೇದು ಇಟ್ಕೊಳಿ.

ಟೆಕ್ನಿಕಲ್ ರೌಂಡಲ್ಲಿ ಹೆಚ್ಚಿಗೆ ಬರೋದು "ನೋಡಿರದ ವಸ್ತು ಎದುರಿಗೆ ಬಂದ್ರೆ?" ಅನ್ನೋದು. ಎಲ್ರೂ ಹೊರಗಿನ ಉದಾಹರಣೆನೇ ಕೊಡ್ತಾರೆ, ಹಾರೋ ಪ್ಲಾಸ್ಟಿಕ್ ಕವರ್ರು, ಹಿಮ, ಕಾಂಗರೂ. ನಾನು ಹುರುಳಿ ಒಕ್ಕಣೆ ಹೇಳಿದೆ. ಸುಗ್ಗಿಲಿ ನಾಗಮಂಗಲ ಕಡೆ ಹೋಗಿ, ರೋಡ್ ಮೇಲೆ ಉದ್ದಕ್ಕೆ ಹುರುಳಿ ಸೊಪ್ಪು ಹರಡಿರ್ತಾರೆ, ಲಾರಿ ಬಸ್ಸು ಅದರ ಮೇಲೆ ಹತ್ತಿದ್ರೆ ಕಾಳು ಉದುರುತ್ತೆ, ಪುಕ್ಸಟ್ಟೆ ರೋಣುಗಲ್ಲು. ಈಗ ಲೈಡಾರ್‌ಗೆ ಅದು ಒಂದು ಗೇಣು ಎತ್ತರದ ಗೋಡೆ, ರೋಡ್ ಪೂರ್ತಿ ಅಡ್ಡ. 77 ಗಿಗಾಹರ್ಟ್ಸ್ ರಾಡಾರ್‌ಗೆ ಒಣ ಹುಲ್ಲು ಅಷ್ಟಾಗಿ ಕಾಣಲ್ಲ. ಕ್ಯಾಮೆರಾಗೆ ಲೇನ್ ಗೆರೆ ಮಾಯ. ಮೂರೂ ಮೂರು ಮಾತು ಹೇಳ್ತವೆ. 80ರಲ್ಲಿ ಹೋಗ್ತಿದ್ರೆ ಸೆಕೆಂಡಿಗೆ 22 ಮೀಟರ್, ಗಕ್ಕಂತ ನಿಲ್ಸಿದ್ರೆ ಹಿಂದಿನ ಬಸ್ಸು ಬಂದು ಗುದ್ದುತ್ತೆ, ನಿಲ್ಸದೆ ಹತ್ತಿಸಿದ್ರೆ ಆ ಸೊಪ್ಪಿನ ಅಂಚಲ್ಲಿ ಮೊರ ಹಿಡ್ಕೊಂಡು ಕುಕ್ಕರುಗಾಲಲ್ಲಿ ಕೂತಿರೋ ಅಜ್ಜಿ ಅದೇ ಬಣ್ಣದ ಸೀರೆ ಉಟ್ಟಿರ್ತಾಳೆ.

ಅವ್ರು "ಮತ್ತೆ ಏನ್ ಮಾಡ್ತೀರಿ?" ಅಂದ್ರು. ಹೊಸ ಡೇಟಾ ತಂದು ಟ್ರೇನ್ ಮಾಡ್ತೀನಿ ಅಂದ್ರೆ ಅದು ಸೀನಿಯರ್ ಎಂಜಿನಿಯರ್ ಉತ್ರ. ನಾನು ಹೇಳಿದ್ದು, ಮೊದಲು ಆ ರೋಡನ್ನ ಆ ತಿಂಗ್ಳಲ್ಲಿ ಒಡಿಡಿಯಿಂದ ತೆಗೀತೀನಿ, ಸೇಲ್ಸ್‌ನೋರಿಗೆ ನಾನೇ ಹೋಗಿ ಹೇಳ್ತೀನಿ, ಆಮೇಲೆ ಡೇಟಾ. ಅಲ್ಲಿಂದ ಮಾತು ಬೇರೆ ಥರ ಆಯ್ತು. ಅಂದ್ಹಾಗೆ ನಮ್ ರೋಡಿನ ಡೇಟಾ ಬೇಕಂದ್ರೆ ಹೈದರಾಬಾದ್ ಐಐಐಟಿ ಇಂಟೆಲ್ ಜೊತೆ ಸೇರಿ ಮಾಡಿರೋ ಇಂಡಿಯಾ ಡ್ರೈವಿಂಗ್ ಡೇಟಾಸೆಟ್ ನೋಡಿ, ಬೆಂಗ್ಳೂರು ಹೈದರಾಬಾದ್ ಸುತ್ತಿನ 10,000 ಚಿತ್ರ, 34 ವರ್ಗ, ಆಟೋನೂ ಇದೆ ಪ್ರಾಣಿನೂ ಇದೆ. ಹುರುಳಿ ಇಲ್ಲ.

ಸೇಫ್ಟಿ ರೌಂಡಿಗೆ ಯಾವ ಆಕ್ಸಿಡೆಂಟ್ ಓದ್ಕೊಂಡ್ ಹೋಗ್ಲಿ?

ಎರಡು, ಬಾಯಿಪಾಠ ಆಗೋಷ್ಟು.

ಮೊದಲ್ನೇದು 2018ರ ಮಾರ್ಚ್ 18, ಅರಿಜೋನಾದ ಟೆಂಪಿ, ಊಬರ್ ಟೆಸ್ಟ್ ಗಾಡಿ. ರಾತ್ರಿ ಹೊತ್ತು ಸೈಕಲ್ ತಳ್ಕೊಂಡು ರೋಡ್ ದಾಟ್ತಿದ್ದ ಹೆಂಗಸಿಗೆ ಗುದ್ದಿ ಅವ್ರು ತೀರ್ಕೊಂಡ್ರು. ಅಮೆರಿಕದ ಎನ್‌ಟಿಎಸ್‌ಬಿ (ಆಕ್ಸಿಡೆಂಟ್ ತನಿಖೆ ಮಾಡೋ ಸರ್ಕಾರಿ ಸಂಸ್ಥೆ) ರಿಪೋರ್ಟ್ 2019ರಲ್ಲಿ ಬಂತು, ಪೂರ್ತಿ ಓದಿ, ಕಥೆ ಓದ್ದಂಗೆ ಓದಿಸ್ಕೊಂಡು ಹೋಗುತ್ತೆ, ಹೊಟ್ಟೆ ತೊಳಸುತ್ತೆ. ಗುದ್ದೋ 5.6 ಸೆಕೆಂಡ್ ಮುಂಚೇನೇ ಗಾಡಿ ಅವ್ರನ್ನ ನೋಡಿತ್ತು. ಆದ್ರೆ ಒಂದ್ಸಲ ವಾಹನ ಅಂತು, ಒಂದ್ಸಲ ಬೇರೇನೋ ಅಂತು, ಒಂದ್ಸಲ ಸೈಕಲ್ ಅಂತು, ಪ್ರತಿ ಸಲ ಹೆಸ್ರು ಬದಲಾಯಿಸಿದಾಗ್ಲೂ ಅಲ್ಲೀತನಕ ಅವ್ರು ಹೇಗೆ ಬಂದ್ರು ಅನ್ನೋ ಇತಿಹಾಸ ಮರೀತು. ಹಾಗಾಗಿ ದಾಟ್ತಿದಾರೆ ಅಂತ ಅದಕ್ಕೆ ಹೊಳೀಲೇ ಇಲ್ಲ. ಜೀಬ್ರಾ ಕ್ರಾಸಿಂಗ್ ಇಲ್ದಿರೋ ಕಡೆ ಮನುಷ್ಯ ದಾಟ್ಬೋದು ಅನ್ನೋ ಲೆಕ್ಕವೇ ಡಿಸೈನಲ್ಲಿ ಇರ್ಲಿಲ್ಲ. ಮೈಸೂರಿನ ಸಯ್ಯಾಜಿರಾವ್ ರಸ್ತೆಲಿ ಒಂದ್ ಸಂಜೆ ನಿಂತಿದ್ರೆ ಸಾಕಿತ್ತು, ಯಾರಾದ್ರೂ. ಸುಮ್ನೆ ಬ್ರೇಕ್ ಹಾಕೋದು ಜಾಸ್ತಿ ಆಗ್ಬಾರ್ದು ಅಂತ ಒಂದು ಸೆಕೆಂಡ್ ತಡೆದು ನೋಡೋ ಹಾಗೆ ಬೇರೆ ಮಾಡಿದ್ರು, ಗಾಡಿ ತಯಾರಿಸಿದ ವೋಲ್ವೋದ ಸ್ವಂತ ಎಮರ್ಜೆನ್ಸಿ ಬ್ರೇಕು, ಊಬರ್ ಕಂಪ್ಯೂಟರ್ ಗಾಡಿ ಓಡಿಸ್ವಾಗ ಆಫ್ ಆಗಿತ್ತು, ಗಾಡಿಲಿ ಮೊದಲು ಇಬ್ರು ಕೂರ್ತಿದ್ದಿದ್ದನ್ನ ಒಬ್ರಿಗೆ ಇಳಿಸಿದ್ರು, ಆ ಒಬ್ರು ಫೋನ್ ನೋಡ್ತಿದ್ರು. ಇಂಟರ್‌ವ್ಯೂಲಿ ಹೋಗಿ "ಡ್ರೈವರ್ ತಪ್ಪು" ಅಂದ್ರೆ ಅಲ್ಲಿಗೆ ಮುಗೀತು ಕಥೆ. ಮೇಲಿನದ್ರಲ್ಲಿ ಒಂದೊಂದೂ ಒಂದೊಂದು ಮೀಟಿಂಗಲ್ಲಿ ಯಾರೋ ಓಕೆ ಅಂದಿದ್ದು. ನೀವು ಅಪ್ಲೈ ಮಾಡ್ತಿರೋದು ಆ ಓಕೆ ಅನ್ನೋ ಕುರ್ಚಿಗೆ.

ಎರಡ್ನೇದು 2023ರ ಅಕ್ಟೋಬರ್ 2, ಸ್ಯಾನ್ ಫ್ರಾನ್ಸಿಸ್ಕೊ, ಜನರಲ್ ಮೋಟರ್ಸಿನ ಕ್ರೂಸ್ ಕಂಪನಿಯ ಡ್ರೈವರ್ ಇಲ್ದಿರೋ ಟ್ಯಾಕ್ಸಿ. ಬೇರೆ ಕಾರು ಗುದ್ದಿ ಒಬ್ಬ ಹೆಂಗಸು ಇದರ ಮುಂದೆ ಬಿದ್ರು, ಇದೂ ಹತ್ತಿತು, ನಿಂತಿತು, ಅಲ್ಲಿಗೆ ನಿಂತಿದ್ರೆ ಬೇರೆ ಮಾತು, ಪಕ್ಕದಲ್ಲಿ ಏನೋ ತಾಗಿದೆ ಅನ್ಕೊಂಡು ಸೈಡಿಗೆ ಹೋಗೋಣ ಅಂತ ಅವ್ರನ್ನ 20 ಅಡಿ ಎಳ್ಕೊಂಡು ಹೋಯ್ತು. ಆಮೇಲೆ ಎಳ್ಕೊಂಡು ಹೋಗಿದ್ದನ್ನ ಸರ್ಕಾರಕ್ಕೆ ನೆಟ್ಟಗೆ ತಿಳಿಸಲಿಲ್ಲ ಅನ್ನೋದೇ ದೊಡ್ಡ ರಂಪ ಆಗಿ ಅದೇ ತಿಂಗ್ಳು 24ಕ್ಕೆ ಪರ್ಮಿಟ್ ಅಮಾನತಾಯ್ತು. ಇದರಲ್ಲಿ ಕೇಳೋದು ಟೆಕ್ನಿಕಲ್ ಕಮ್ಮಿ, "ಆ ರಾತ್ರಿ ನೀವಿದ್ದಿದ್ರೆ ಯಾರಿಗೆ ಫೋನ್ ಮಾಡ್ತಿದ್ರಿ, ಏನು ಹೇಳ್ತಿದ್ರಿ" ಅಂತ ಕೇಳ್ತಾರೆ.

ಕೋಡಿಂಗ್ ಇರುತ್ತಾ?

ಕೆಲವು ಸ್ಟಾರ್ಟಪ್‌ಲಿ ಇರುತ್ತೆ. ಇದ್ರೆ ಮಾಡಿ, ಅವಮಾನ ಅಂತ ಮುಖ ಊದಿಸ್ಕೊಬೇಡಿ.

ನಮ್ ಗಾಡಿ ಇಷ್ಟು ಲಕ್ಷ ಕಿಮೀ ಓಡಿದೆ ಅಂತ ಹೇಳ್ಕೊಬೋದಾ?

ಹೇಳ್ಕೊಳಿ, ಆದ್ರೆ ಅದೇ ಸೇಫ್ಟಿ ಅಂತ ಹೇಳ್ಬೇಡಿ. ರ‍್ಯಾಂಡ್ ಅನ್ನೋ ಅಮೆರಿಕದ ರಿಸರ್ಚ್ ಸಂಸ್ಥೆಯೋರು 2016ರಲ್ಲಿ ಲೆಕ್ಕ ಹಾಕಿದ್ರು, ಸಾವಿನ ಪ್ರಮಾಣ ಮನುಷ್ಯರಿಗಿಂತ ಹೆಚ್ಚಿಲ್ಲ ಅಂತ ಬರೀ ಓಡಿಸಿ ತೋರ್ಸೋಕೆ 27.5 ಕೋಟಿ ಮೈಲಿ ಒಂದೂ ಸಾವಿಲ್ದೆ ಓಡ್ಬೇಕು, ಅಂದ್ರೆ ಸುಮಾರು 44 ಕೋಟಿ ಕಿಮೀ. ನೂರು ಗಾಡಿ ಹಗಲೂ ರಾತ್ರಿ ಓಡಿದ್ರೂ ಹನ್ನೆರಡೂವರೆ ವರ್ಷ. ಅದಕ್ಕೇ ಸಿಮ್ಯುಲೇಷನ್, ಸೇಫ್ಟಿ ಕೇಸ್ (ಗಾಡಿ ಸೇಫ್ ಅಂತ ಸಾಕ್ಷಿ ಸಮೇತ ವಾದಿಸೋ ಕಡತ) ಎಲ್ಲಾ ಬಂದಿದ್ದು. ಡಿಸ್‌ಎಂಗೇಜ್‌ಮೆಂಟ್ ಲೆಕ್ಕನೂ, ಅಂದ್ರೆ ಗಾಡಿ ಕೈಬಿಟ್ಟು ಮನುಷ್ಯ ಸ್ಟೀರಿಂಗ್ ಹಿಡಿದಿದ್ದು ಎಷ್ಟು ಸಲ ಅನ್ನೋದೂ, ಹಾಗೇ, ಖಾಲಿ ರೋಡಲ್ಲಿ ಓಡಿಸಿದ್ರೆ ಯಾರ್ ಬೇಕಾದ್ರೂ ಚಂದ ನಂಬರ್ ತರ್ಬೋದು.

ಹಳೇ ಕಂಪನಿ ಸ್ಲೈಡು, ಡಿಸೈನ್ ಡಾಕ್ಯುಮೆಂಟು ಪೆನ್‌ಡ್ರೈವಲ್ಲಿ ಇದೆ, ರೆಫರೆನ್ಸಿಗೆ ನೋಡ್ಕೊಬೋದಾ?

ಅಯ್ಯೋ ಶಿವನೇ, ಬೇಡ. ಸೆಲ್ಫ್ ಡ್ರೈವಿಂಗ್ ಎಂಜಿನಿಯರ್ ಆಂಥೊನಿ ಲೆವಂಡೊವ್ಸ್‌ಕಿ ಗೂಗಲ್ ಬಿಡೋ ಮುಂಚೆ 14,000 ಫೈಲ್ ಇಳಿಸ್ಕೊಂಡ್ರು, ಆಮೇಲೆ ಊಬರ್ ಸೇರಿದ್ರು ಅಂತ ಗೂಗಲ್ ಕಡೆಯ ಸೆಲ್ಫ್ ಡ್ರೈವಿಂಗ್ ಕಂಪನಿ ವೇಮೋ ಊಬರ್ ಮೇಲೆ ಕೇಸ್ ಹಾಕ್ತು, 2018ರಲ್ಲಿ ಊಬರ್ ತನ್ನ ಷೇರಲ್ಲಿ 0.34 ಪರ್ಸೆಂಟ್ ಕೊಟ್ಟು ರಾಜಿ ಮಾಡ್ಕೊಳ್ತು, ಆತನಿಗೆ 2020ರಲ್ಲಿ 18 ತಿಂಗ್ಳು ಶಿಕ್ಷೆ ಆಯ್ತು. ಜೈಲಿಗೆ ಹೋಗೋ ಮುಂಚೆ 2021ರಲ್ಲಿ ಪ್ರೆಸಿಡೆಂಟ್ ಕ್ಷಮಾದಾನ ಕೊಟ್ರು. ನಮ್ಗೆ ಯಾವ ಪ್ರೆಸಿಡೆಂಟೂ ಕೊಡಲ್ಲ. ಇಂಟರ್‌ವ್ಯೂಲಿ ಹಳೇ ಕಂಪನಿ ನಂಬರ್ ಕೇಳಿದ್ರೆ "ಅದು ಹೇಳೋ ಹಾಗಿಲ್ಲ, ರೀತಿ ಹೇಳ್ತೀನಿ" ಅನ್ನಿ. ಎಷ್ಟೋ ಸಲ ಅವ್ರು ಪರೀಕ್ಷೆ ಮಾಡೋಕೇ ಕೇಳಿರ್ತಾರೆ.

ನನ್ ಇಂಗ್ಲಿಷ್ ಅಷ್ಟಕ್ಕಷ್ಟೇ ಅಕ್ಕ.

ನಂದೂ ಅಷ್ಟೇ. ನಿಧಾನಕ್ಕೆ ಮಾತಾಡಿ. ಪರದೇಶದೋರ ಎಕ್ಸೆಂಟ್ ಹಾಕೋಕೆ ಹೋಗಿ ಅರ್ಧಕ್ಕೆ ಮದ್ದೂರು ವಾಪಸ್ ಬಂದ್ರೆ ಕೇಳೋಕಾಗಲ್ಲ.

ಸಂಬಳ ಹೇಗೆ ಮಾತಾಡ್ಬೇಕು? ಕಂಪನಿನೇ ಮುಚ್ಚಿದ್ರೆ?

ಬೇಸಿಕ್ ಸಂಬಳ, ಬೋನಸ್, ಷೇರು, ಮೂರನ್ನೂ ಬೇರೆ ಬೇರೆ ನೋಡಿ. ಷೇರು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿರ್ತಾರೆ, ಮೊದಲ ವರ್ಷ ತುಂಬೋ ಮುಂಚೆ ಬಿಟ್ರೆ ಸೊನ್ನೆ. ಲಿಸ್ಟ್ ಆಗದ ಕಂಪನಿ ಷೇರು ಅಂದ್ರೆ ಹೊಲದಲ್ಲಿ ನಿಂತಿರೋ ಕಬ್ಬು, ಫ್ಯಾಕ್ಟರಿ ಕಟಾವಿಗೆ ಕರೆಯೋ ತನಕ ದುಡ್ಡಲ್ಲ. ಮುಚ್ಚೋದು ಸುಮ್ನೆ ಹೆದರಿಕೆ ಮಾತಲ್ಲ, ಫೋರ್ಡ್ ಫೋಕ್ಸ್‌ವ್ಯಾಗನ್ ಇಬ್ರೂ ಹಿಂದೆ ನಿಂತಿದ್ದ ಸೆಲ್ಫ್ ಡ್ರೈವಿಂಗ್ ಕಂಪನಿ ಆರ್ಗೋ 2022ರ ಅಕ್ಟೋಬರಲ್ಲಿ ಮುಚ್ತು, ಕ್ರೂಸ್ ರೋಬೋಟ್ಯಾಕ್ಸಿಗೆ ಜನರಲ್ ಮೋಟರ್ಸ್ 2024ರ ಡಿಸೆಂಬರಲ್ಲಿ ದುಡ್ಡು ನಿಲ್ಸಿತು. ಮನೆ ಸಾಲದ ಕಂತನ್ನ ಬೇಸಿಕ್ ಸಂಬಳದಲ್ಲೇ ಕಟ್ಟೋಕಾಗುತ್ತಾ ಅಂತ ನೋಡಿ, ಆಗಲ್ಲ ಅಂದ್ರೆ ಅದು ನಿಮ್ ಆಫರ್ ಅಲ್ಲ. ಕಂಪನಿ ಹತ್ರ ಎಷ್ಟು ತಿಂಗ್ಳಿಗೆ ದುಡ್ಡಿದೆ ಅಂತ ಕೇಳೋದು ತಪ್ಪಲ್ಲ, ಈ ಲೆವೆಲ್ಲಿಗೆ ಬಂದ್ಮೇಲೆ ಕೇಳ್ದಿದ್ರೇ ಅನುಮಾನ ಪಡ್ತಾರೆ.

90 ದಿನ ನೋಟಿಸ್ ಪೀರಿಯಡ್, ಮತ್ತೆ ಕಾಂಪಿಟಿಟರ್ ಹತ್ರ ಹೋಗ್ಬಾರ್ದು ಅಂತ ಸೈನ್ ಹಾಕಿಸ್ಕೊಂಡಿದಾರೆ.

ನೋಟಿಸ್ ಮಾತಾಡಿ ಕಮ್ಮಿ ಮಾಡಿಸ್ಕೊಬೋದು, ಹೊಸಬ್ರು ದುಡ್ಡು ಕಟ್ಟಿ ಬಿಡಿಸ್ಕೊಳೋದೂ ಉಂಟು. ಬಿಟ್ಮೇಲೂ ಎಲ್ಲೂ ಸೇರ್ಬಾರ್ದು ಅನ್ನೋ ಷರತ್ತು 1872ರ ಕಾಂಟ್ರ್ಯಾಕ್ಟ್ ಆ್ಯಕ್ಟ್ ಸೆಕ್ಷನ್ 27ರ ಮುಂದೆ ನಿಲ್ಲೋದು ಕಷ್ಟ, ಗುಟ್ಟು ಬಿಡಬಾರ್ದು ಅನ್ನೋದು ಮಾತ್ರ ನಿಲ್ಲುತ್ತೆ. ಒಂದ್ಸಲ ವಕೀಲರಿಗೆ ಕಾಗದ ತೋರ್ಸಿ.

ಮೈಸೂರಲ್ಲೇ ಇದ್ಕೊಂಡು ಮಾಡ್ಬೋದಾ?

ಸಿಮ್ಯುಲೇಷನ್ನು, ಡೇಟಾ ಆದ್ರೆ ಆಗ್ಬೋದು. ಗಾಡಿ ಇರೋ ಕಡೆ ಹೆಡ್ ಇರ್ಲೇಬೇಕು, ವೀಡಿಯೋ ಕಾಲಲ್ಲಿ ಬ್ರೇಕ್ ವಾಸನೆ ಬರಲ್ಲ. ನಾನು ವಾರಕ್ಕೆ ಮೂರು ದಿನ ಬೆಳಗ್ಗೆ ಟ್ರೈನಲ್ಲಿ ಬೆಂಗ್ಳೂರಿಗೆ ಹೋಗಿಬರ್ತೀನಿ. ಎಕ್ಸ್‌ಪ್ರೆಸ್ ವೇ 118 ಕಿಮೀ, ಕಾರಲ್ಲಿ ಬೇಗ ಅನ್ಸುತ್ತೆ, ಕೆಂಗೇರಿ ತನಕ.

ಅಮೆರಿಕಕ್ಕೇ ಹೋಗ್ಬೇಕು ಅಂದ್ರೆ?

ಎಚ್-1ಬಿ ಕೆಲ್ಸದ ವೀಸಾ ವರ್ಷಕ್ಕೆ 65,000, ಅಲ್ಲಿ ಮಾಸ್ಟರ್ಸ್ ಮಾಡಿದೋರಿಗೆ ಇನ್ನೊಂದು 20,000, ಲಾಟರಿ. 2025ರ ಸೆಪ್ಟೆಂಬರಲ್ಲಿ ಹೊರಗಿಂದ ಬರೋ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಅಂತ ಬೇರೆ ತಂದ್ರು. ಮ್ಯಾನೇಜರ್ ಆಗಿರೋರಿಗೆ ಎಲ್-1ಎ, ಅಂದ್ರೆ ಕಂಪನಿ ಒಳಗಿನ ಟ್ರಾನ್ಸ್ಫರ್ ವೀಸಾ, ದಾರಿ ವಾಸಿ: ಅದೇ ಕಂಪನಿಯ ಇಲ್ಲಿನ ಆಫೀಸಲ್ಲಿ ಹಿಂದಿನ ಮೂರು ವರ್ಷದಲ್ಲಿ ಒಂದು ವರ್ಷ ಸತತ ಕೆಲ್ಸ ಮಾಡಿರ್ಬೇಕು. ಅಂದ್ರೆ ಬೆಂಗ್ಳೂರು ಸೆಂಟರಿಗೆ ಸೇರಿ, ಆಮೇಲೆ ಹಾರಿ.

ಮನೇಲಿ "ಡ್ರೈವರ್‌ಗಳ ಅನ್ನ ಕಿತ್ಕೊತೀಯಾ" ಅಂತಾರೆ, ಏನ್ ಹೇಳ್ಲಿ?

ನಮ್ ಸೋದರಮಾವ ಮೂವತ್ತು ವರ್ಷ ಲಾರಿ ಓಡಿಸಿದೋರು, ನನ್ನ ಓದಿಸಿದ್ದರಲ್ಲಿ ಆ ಲಾರಿ ದುಡ್ಡೂ ಇದೆ, ಹಾಗಾಗಿ ನನ್ನತ್ರ ರೆಡಿ ಉತ್ರ ಇಲ್ಲ. 2022ರಲ್ಲಿ ನಮ್ ದೇಶದ ರೋಡಲ್ಲಿ 1,68,491 ಜನ ಸತ್ರು ಅಂತ ಹೇಳಿದೆ. ಮಾವ ಎಲೆ ಅಡಿಕೆ ಹಾಕ್ಕೊಂಡು "ಅಲ್ಲ ಕಣವ್ವ, ಅದ್ರಲ್ಲಿ ನಿದ್ದೆಗೆಟ್ಟು ಓಡಿಸ್ದೋರು ಎಷ್ಟು ಜನ, ಅವ್ರನ್ನ ನಿದ್ದೆಗೆಡಿಸಿದ್ದು ಯಾರು, ಅದೂ ಒಸಿ ಬರ್ಕೊ" ಅಂದ್ರು. ಬರ್ಕೊಂಡಿದೀನಿ.

ಕೊನೇಲಿ "ನಿಮ್ಗೇನಾದ್ರೂ ಕೇಳೋದಿದೆಯಾ" ಅಂತಾರೆ, ಏನು ಕೇಳ್ಲಿ?

ನಾನು ಕೇಳೋದು ಒಂದೇ: ಕೊನೇ ಸಲ ಗಾಡಿಗಳನ್ನೆಲ್ಲಾ ರೋಡಿಂದ ವಾಪಸ್ ಕರೆಸಿದ್ದು ಯಾವಾಗ, ಕರೆಸಿ ಅಂತ ಹೇಳಿದ್ದು ಯಾರು? ಒಂದು ಕಂಪನಿಲಿ ಆ ಮನುಷ್ಯ ಯೋಚನೆ ಕೂಡ ಮಾಡ್ದೆ "ಹೋದ ತಿಂಗ್ಳು, ಒಬ್ಬ ಟೆಸ್ಟ್ ಡ್ರೈವರ್" ಅಂದ, ಆ ಡ್ರೈವರ್ ಇನ್ನೂ ಅಲ್ಲೇ ಇದಾನಾ ಅಂದೆ, ಇದಾನೆ, ಪ್ರಮೋಷನ್ ಆಯ್ತು ಅಂದ. ಇನ್ನೊಂದು ಕಂಪನಿಲಿ ಇದೇ ಪ್ರಶ್ನೆಗೆ ನಾಲ್ಕು ಜನ ಒಬ್ರ ಮುಖ ಒಬ್ರು ನೋಡ್ಕೊಂಡು "ನಮ್ಗೆ ಆ ಥರ ಸಂದರ್ಭನೇ ಬಂದಿಲ್ಲ" ಅಂದ್ರು. ಅವ್ರ ಆಫರೇ ಜಾಸ್ತಿ ಇತ್ತು. ಹೋಗ್ಲಿಲ್ಲ.